ಶೇಕಡ ಎರಡರ ಪಟ್ಟಿ ಮತ್ತು ರಾಗಿ ಲಕ್ಷ್ಮಣಯ್ಯ

ಪ್ರತಿ ವರ್ಷ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಒಂದು ಬಗೆಯ ಸುದ್ದಿ ತಪ್ಪದೆ ಬರುತ್ತದೆ. ಕೋಟು ತೊಟ್ಟ ಪ್ರಾಧ್ಯಾಪಕರೊಬ್ಬರ ಪಾಸ್‌ಪೋರ್ಟ್ ಅಳತೆಯ ಚಿತ್ರ, ಪಕ್ಕದಲ್ಲಿ ‘ವಿಶ್ವದ ಶೇ 2ರ ಅಗ್ರ ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ’ ಎಂಬ ತಲೆಬರಹ, ಕೊನೆಗೆ ಆಡಳಿತ ಮಂಡಳಿಯವರ ಅಭಿನಂದನೆ. ಓದಿದವರಿಗೆ ಹೆಮ್ಮೆಯಾಗುತ್ತದೆ, ಆಗಬೇಕಾದದ್ದೇ. ಆದರೆ ಅದು ಯಾವುದರ ಶೇಕಡ ಎರಡು, ಎಣಿಸಿದವರು ಯಾರು, ಎಣಿಸಿದ್ದು ಏನನ್ನು ಎಂಬುದು ಮಾತ್ರ ಆ ಐದಾರು ಸಾಲುಗಳಲ್ಲಿ ಎಲ್ಲೂ ಇರುವುದಿಲ್ಲ.

ಈ ಪ್ರಶ್ನೆಗಳನ್ನು ಕೇಳಲು ತುಮಕೂರಿನ ಶಿರಾ ಗೇಟ್ ಒಳ್ಳೆಯ ಜಾಗ. ಗೇಟು ದಾಟಿ ಶಿರಾ ರಸ್ತೆ ಹಿಡಿದರೆ ಶ್ರೀದೇವಿ ಎಂಜಿನಿಯರಿಂಗ್ ಕಾಲೇಜು, ಅದರದೇ ವೈದ್ಯಕೀಯ ಕಾಲೇಜು. ಊರೊಳಗೆ ಬಂದು ಬಿ.ಎಚ್. ರಸ್ತೆಗೆ ಸೇರಿದರೆ 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಕಾಲೇಜು, 2004ರಲ್ಲಿ ಹುಟ್ಟಿದ ತುಮಕೂರು ವಿಶ್ವವಿದ್ಯಾನಿಲಯ. ಕುಣಿಗಲ್ ರಸ್ತೆಯ ಮರಳೂರಿನಲ್ಲಿ ಸಿದ್ಧಾರ್ಥ ತಾಂತ್ರಿಕ ಕಾಲೇಜು, ಬೆಂಗಳೂರು ಕಡೆಯ ಹಿರೇಹಳ್ಳಿಯಲ್ಲಿ ಕೇಂದ್ರ ಸರ್ಕಾರದ ತೋಟಗಾರಿಕೆ ಪ್ರಯೋಗ ಕೇಂದ್ರ. ಸಿಟಿ ಬಸ್ಸೋ ಲೋಕಲ್ ಬಸ್ಸೋ ಹತ್ತಿದರೆ ಒಂದೇ ದಿನದಲ್ಲಿ ಸಕ್ಕರೆ ಕಾಯಿಲೆಯ ಮೇಲೆ, ಕಾಂಕ್ರೀಟಿನ ಮೇಲೆ, ಗ್ರಾಫ್ ಸಿದ್ಧಾಂತದ ಮೇಲೆ, ಹಳಗನ್ನಡದ ಮೇಲೆ, ಹಲಸಿನ ಮೇಲೆ ಕೆಲಸ ಮಾಡುವವರನ್ನೆಲ್ಲ ಮಾತಾಡಿಸಿ ಬರಬಹುದು. ಇವರೆಲ್ಲರೂ ಸಂಶೋಧಕರು. ಇವರೆಲ್ಲರ ಬಡ್ತಿಯ ಫೈಲಿನಲ್ಲೂ ಈಗ ಒಂದೇ ಬಗೆಯ ಕಾಲಂಗಳು: ಪೇಪರ್ ಎಷ್ಟು, ಸೈಟೇಶನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು.

ಮೊದಲು ಆ ಪಟ್ಟಿಯ ವಿಚಾರ. ಅದನ್ನು ಸಿದ್ಧಪಡಿಸುವವರು ಸ್ಟ್ಯಾನ್‌ಫೋರ್ಡಿನ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು. ಮೊದಲ ಸಲ ಪ್ರಕಟಿಸಿದ್ದು 2019ರಲ್ಲಿ. ಜನರ ಬಾಯಲ್ಲಿ ಅದು ‘ಸ್ಟ್ಯಾನ್‌ಫೋರ್ಡ್ ಪಟ್ಟಿ’ ಆಗಿದೆ, ಆದರೆ ವಿಶ್ವವಿದ್ಯಾಲಯ ಯಾರಿಗೂ ಪದವಿ ಕೊಟ್ಟಂತಲ್ಲ. ಎಲ್ಸೆವಿಯರ್ ಕಂಪನಿಯ ‘ಸ್ಕೋಪಸ್’ ಎಂಬ ದತ್ತಾಂಶ ಕೋಶದಿಂದ ಅಂಕಿಗಳನ್ನು ತೆಗೆದು ಹಾಕಿದ ಲೆಕ್ಕ ಅದು. ವಿಜ್ಞಾನವನ್ನು 22 ವಿಭಾಗ, 174 ಉಪವಿಭಾಗಗಳಾಗಿ ಒಡೆದು, ಕನಿಷ್ಠ 5 ಪೇಪರ್ ಬರೆದವರನ್ನು ಅವರವರ ಉಪವಿಭಾಗದೊಳಗೇ ಹೋಲಿಸುತ್ತಾರೆ. ಒಬ್ಬರೇ ಬರೆದ, ಮೊದಲ ಹೆಸರು ತಮ್ಮದಾಗಿರುವ, ಕೊನೆಯ ಹೆಸರು ತಮ್ಮದಾಗಿರುವ ಪೇಪರುಗಳನ್ನು ಬೇರೆ ಬೇರೆಯಾಗಿ ನೋಡುತ್ತಾರೆ. ತನ್ನ ಪೇಪರನ್ನು ತಾನೇ ಉಲ್ಲೇಖಿಸಿಕೊಂಡದ್ದನ್ನು ಸೇರಿಸಿ ಒಂದು ಲೆಕ್ಕ, ಕಳೆದು ಇನ್ನೊಂದು ಲೆಕ್ಕ. ಪಟ್ಟಿಗಳೂ ಎರಡು: ಇಡೀ ವೃತ್ತಿಜೀವನದ್ದು ಒಂದು, ಕೇವಲ ಒಂದು ವರ್ಷದ್ದು ಇನ್ನೊಂದು. ಎರಡಕ್ಕೂ ಅಜಗಜಾಂತರ. ಜಿಲ್ಲಾ ಪುಟದ ಸುದ್ದಿ ಎರಡರಲ್ಲಿ ಯಾವುದರದ್ದು ಎಂದು ಹೇಳಿದ್ದನ್ನು ನಾನು ನೋಡಿದ್ದು ಕಡಿಮೆ.

ಉಪವಿಭಾಗದೊಳಗೇ ಏಕೆ ಹೋಲಿಸಬೇಕು? ವಿಷಯದ ತಿರುಳು ಇರುವುದೇ ಅಲ್ಲಿ.

ಸೈಟೇಶನ್, ಅಂದರೆ ಇನ್ನೊಂದು ಪೇಪರಿನಲ್ಲಿ ಸಿಗುವ ಉಲ್ಲೇಖ, ಯಾರಾದರೂ ಕೊಟ್ಟಾಗ ಮಾತ್ರ ಸಿಗುವ ವಸ್ತು. ಒಂದು ಕ್ಷೇತ್ರದಲ್ಲಿ ವರ್ಷಕ್ಕೆ ಸಾವಿರ ಪೇಪರ್ ಬರುತ್ತವೆ, ಪ್ರತಿಯೊಂದರ ಕೊನೆಗೆ 50 ಹಳೆಯ ಪೇಪರುಗಳ ಪಟ್ಟಿ ಇರುತ್ತದೆ ಎಂದುಕೊಳ್ಳಿ. ಆ ವರ್ಷ ಆ ಕ್ಷೇತ್ರದೊಳಗೆ 50,000 ಸೈಟೇಶನ್ ಹಂಚಿಕೆಯಾಗುತ್ತವೆ. ಇನ್ನೊಂದು ಕ್ಷೇತ್ರದಲ್ಲಿ ನೂರೇ ಪೇಪರ್, ಕೊನೆಯ ಪಟ್ಟಿಯಲ್ಲಿ 20ರಂತೆ. ಅಲ್ಲಿ ಹಂಚಲು ಇರುವುದೇ 2,000. ಈ ಎರಡು ಕ್ಷೇತ್ರಗಳಲ್ಲಿ ಎಷ್ಟೇ ಸಮಾನ ಪ್ರತಿಭೆಯ ಇಬ್ಬರು ಕೂತಿದ್ದರೂ ಅವರ ಖಾತೆಗೆ ಬೀಳುವ ಅಂಕಿ ಒಂದಾಗಲಾರದು. ವೈದ್ಯಕೀಯ, ಜೀವರಸಾಯನ, ನ್ಯಾನೊ ವಸ್ತುಗಳು ಮೊದಲ ಬಗೆಯವು. ಶುದ್ಧ ಗಣಿತ ಎರಡನೆಯ ಬಗೆಯದು. ಇದಕ್ಕೆ ವೇಗದ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಕ್ಯಾನ್ಸರ್ ಔಷಧದ ಮೇಲಿನ ಪೇಪರನ್ನು ಮರುವರ್ಷವೇ ಜನ ಎತ್ತಿಕೊಳ್ಳುತ್ತಾರೆ. ಗಣಿತದ ಪ್ರಮೇಯವನ್ನು ಓದಿ, ನಂಬಿ, ಬಳಸುವುದಕ್ಕೇ ವರ್ಷಗಳು ಹಿಡಿಯುತ್ತವೆ. ತುಮಕೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ರಾಗಿಯನ್ನು ಸೇರಿನಲ್ಲಿ ಅಳೆಯುತ್ತೇವೆ, ತೆಂಗಿನಕಾಯನ್ನು ಎಣಿಸುತ್ತೇವೆ, ಅದನ್ನು ಅದಲು ಬದಲು ಮಾಡಿ ಯಾವ ರೈತನೂ ಸಂತೆಗೆ ಹೋಗುವುದಿಲ್ಲ.

ಅಂತರ ಎಷ್ಟಿರಬಹುದು ಎಂಬುದಕ್ಕೆ ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಪತ್ರಿಕೆಯೊಂದರಲ್ಲಿ ಹಿಂದಿನ ಎರಡು ವರ್ಷ ಬಂದ ಪೇಪರುಗಳಿಗೆ ಈ ವರ್ಷ ಸರಾಸರಿ ಎಷ್ಟು ಸೈಟೇಶನ್ ಬಂತು ಎಂಬುದೇ ಅದರ ಇಂಪ್ಯಾಕ್ಟ್ ಫ್ಯಾಕ್ಟರ್. ಗಣಿತಜ್ಞರು ಜೀವಮಾನದಲ್ಲಿ ಒಂದು ಸಲ ಪ್ರಕಟವಾದರೆ ಸಾಕು ಎಂದುಕೊಳ್ಳುವ ‘ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಗೆ ಅದು 5ರ ಆಸುಪಾಸು. ಅಮೆರಿಕದ ಕ್ಯಾನ್ಸರ್ ಸೊಸೈಟಿ ತರುವ, ವರ್ಷವರ್ಷದ ಕ್ಯಾನ್ಸರ್ ಅಂಕಿಅಂಶಗಳನ್ನು ಪ್ರಕಟಿಸುವ ಪತ್ರಿಕೆಗೆ ಹಲವು ವರ್ಷಗಳಿಂದ 200ಕ್ಕೂ ಮೇಲೆ. ಕ್ಯಾನ್ಸರ್ ಬಗ್ಗೆ ಏನೇ ಬರೆಯುವವರೂ ಮೊದಲ ಸಾಲಿನಲ್ಲಿ ಈ ವರ್ಷ ಇಷ್ಟು ಜನಕ್ಕೆ ಕಾಯಿಲೆ ಎಂದು ಹೇಳಲೇಬೇಕು, ಹೇಳಿದರೆ ಆ ಪತ್ರಿಕೆಯನ್ನು ಉಲ್ಲೇಖಿಸಲೇಬೇಕು. ಇದರಿಂದ ಆ ಪತ್ರಿಕೆ ಗಣಿತದ ಪತ್ರಿಕೆಗಿಂತ ನಲವತ್ತು ಪಟ್ಟು ಮೇಲು ಎಂದಾಗುತ್ತದೆಯೇ?

ಇದನ್ನೇ ನಮ್ಮ ಇಬ್ಬರು ಹಿರಿಯರ ಮೂಲಕವೂ ನೋಡಬಹುದು. ಬೆಂಗಳೂರಿನಲ್ಲಿ 1934ರಲ್ಲಿ ಹುಟ್ಟಿದ ಸಿ.ಎನ್.ಆರ್. ರಾವ್ ಘನಸ್ಥಿತಿ ರಸಾಯನದವರು. 1,500ಕ್ಕೂ ಹೆಚ್ಚು ಪೇಪರ್ ಪ್ರಕಟಿಸಿದವರು. 2013ರಲ್ಲಿ ಅವರ ಎಚ್-ಇಂಡೆಕ್ಸ್ 100 ಮುಟ್ಟಿತೆಂದು ಸುದ್ದಿಯಾಯಿತು. ಅದೇ ವರ್ಷ ನವೆಂಬರಿನಲ್ಲಿ ಭಾರತರತ್ನ ಘೋಷಣೆಯಾಯಿತು. ಎಚ್-ಇಂಡೆಕ್ಸ್ ಲೆಕ್ಕ ಕಷ್ಟದ್ದಲ್ಲ. ಒಬ್ಬರ ಪೇಪರುಗಳನ್ನು ಸೈಟೇಶನ್ ಹೆಚ್ಚಿರುವುದರಿಂದ ಕಡಿಮೆಯ ಕಡೆಗೆ ಸಾಲಾಗಿ ಇಡಿ: 50, 30, 12, 6, 5, 2. ಐದನೆಯ ಪೇಪರಿಗೆ ಐದಾದರೂ ಇದೆ, ಆರನೆಯದಕ್ಕೆ ಆರಿಲ್ಲ. ಅಲ್ಲಿಗೆ ಅವರ ಎಚ್-ಇಂಡೆಕ್ಸ್ 5. ನೂರು ಎಂದರೆ ತಲಾ ನೂರಕ್ಕೆ ಕಡಿಮೆಯಿಲ್ಲದಂತೆ ಉಲ್ಲೇಖ ಪಡೆದ ನೂರು ಪೇಪರ್. ಅದು ದೊಡ್ಡ ಮಾತೇ. ಆದರೆ ಅದರ ಹಿಂದೆ ರಾವ್ ಅವರ ದುಡಿಮೆಯ ಜೊತೆಗೆ ಅವರು ಆರಿಸಿಕೊಂಡ ಕ್ಷೇತ್ರವೂ ಇದೆ. 1980ರ ದಶಕದ ಕೊನೆಗೆ ಅಧಿಕ ತಾಪದ ಅತಿವಾಹಕಗಳ ಅಲೆ ಎದ್ದಾಗ, ಆಮೇಲೆ ನ್ಯಾನೊ ನಳಿಕೆಗಳ ಅಲೆ, ಗ್ರಾಫೀನಿನ ಅಲೆ ಬಂದಾಗ ಅವರು ಪ್ರತಿಸಲವೂ ಅಲೆಯ ನೆತ್ತಿಯ ಮೇಲಿದ್ದರು. 2009ರಲ್ಲಿ ಭೌತವಿಜ್ಞಾನಿ ಎ.ಕೆ. ಸೂದ್ ಮುಂತಾದವರ ಜೊತೆ ಗ್ರಾಫೀನ್ ಬಗ್ಗೆ ಬರೆದ ಸಮೀಕ್ಷೆಯೊಂದೇ ಸಾವಿರಾರು ಸಲ ಉಲ್ಲೇಖಗೊಂಡಿದೆ. ಹೊಸ ಕ್ಷೇತ್ರಕ್ಕೆ ಬರುವವರೆಲ್ಲ ಮೊದಲು ಓದುವುದು ಸಮೀಕ್ಷೆಯನ್ನು. ಆದ್ದರಿಂದಲೇ ಮೂಲ ಪ್ರಯೋಗದ ಪೇಪರಿಗಿಂತ ಅದಕ್ಕೆ ಫಸಲು ಹೆಚ್ಚು.

ಇನ್ನೊಬ್ಬರು ಎಂ.ಎಸ್. ನರಸಿಂಹನ್. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಗಣಿತಜ್ಞರು, ಕೊನೆಯ ವರ್ಷಗಳಲ್ಲಿ ಬೆಂಗಳೂರಿನವರು, 2021ರಲ್ಲಿ ತೀರಿಕೊಂಡರು. ಸಿ.ಎಸ್. ಶೇಷಾದ್ರಿ ಅವರ ಜೊತೆ 1965ರಲ್ಲಿ ಅದೇ ‘ಆ್ಯನಲ್ಸ್’ನಲ್ಲಿ ಪ್ರಕಟಿಸಿದ ಪ್ರಮೇಯಕ್ಕೆ ಇಬ್ಬರ ಹೆಸರೂ ನಿಂತಿದೆ. 1983ರಲ್ಲಿ ಇಂಗ್ಲೆಂಡಿನ ಸೈಮನ್ ಡೊನಾಲ್ಡ್‌ಸನ್ ಅದಕ್ಕೆ ಬೇರೆ ದಾರಿಯಿಂದ ಹೊಸ ಸಾಧನೆ ಕೊಟ್ಟ ಮೇಲೆ ಅದು ಭೌತವಿಜ್ಞಾನಿಗಳ ಲೋಕಕ್ಕೂ ಹತ್ತಿರವಾಯಿತು. ನಡುವೆ 18 ವರ್ಷ. ಎರಡು ವರ್ಷದ ಕಿಟಕಿಯಲ್ಲಿ ಇಣುಕುವ ಇಂಪ್ಯಾಕ್ಟ್ ಫ್ಯಾಕ್ಟರಿಗೆ ಈ ಕಥೆ ಕಾಣಿಸುವುದೇ ಇಲ್ಲ. 2006ರ ಕಿಂಗ್ ಫೈಸಲ್ ಪ್ರಶಸ್ತಿಯನ್ನು ನರಸಿಂಹನ್ ಮತ್ತು ಡೊನಾಲ್ಡ್‌ಸನ್ ಹಂಚಿಕೊಂಡರು. ರಾವ್ ಮತ್ತು ನರಸಿಂಹನ್ ಇಬ್ಬರಲ್ಲಿ ಯಾರು ದೊಡ್ಡವರು ಎಂದು ಸೈಟೇಶನ್ ತೋರಿಸಿ ವಾದಿಸುವವರ ಜೊತೆ ನಾನಂತೂ ಕೂರುವುದಿಲ್ಲ.

ಈ ತೊಡಕಿಗೆ ತಜ್ಞರು ಕಂಡುಕೊಂಡ ಮದ್ದು ಭಾಗಾಕಾರ. ಅದೇ ಕ್ಷೇತ್ರದಲ್ಲಿ, ಅದೇ ವರ್ಷ ಬಂದ ಸರಾಸರಿ ಪೇಪರಿಗೆ ಎಷ್ಟು ಸೈಟೇಶನ್ ಬಂದಿದೆಯೋ ಅದರಿಂದ ನಿಮ್ಮ ಪೇಪರಿನ ಸೈಟೇಶನ್ನನ್ನು ಭಾಗಿಸುವುದು. ರಸಾಯನದ ಸರಾಸರಿ 30 ಇದ್ದು ನಿಮ್ಮದು 60 ಆದರೆ ಉತ್ತರ 2. ಗಣಿತದ ಸರಾಸರಿ 6 ಇದ್ದು ನಿಮ್ಮದು 12 ಆದರೂ ಉತ್ತರ 2. ನೆದರ್ಲೆಂಡಿನ ಲೈಡನ್ ವಿಶ್ವವಿದ್ಯಾಲಯದವರು ಈ ಬಗೆಯ ಲೆಕ್ಕವನ್ನು ಹದಗೊಳಿಸಿದರು. ಮದ್ದು ಒಳ್ಳೆಯದೇ, ಆದರೆ ಕ್ಷೇತ್ರದ ಗಡಿ ಗೆರೆ ಎಳೆಯುವವರು ಯಾರು ಎಂಬ ಪ್ರಶ್ನೆ ಉಳಿದುಬಿಡುತ್ತದೆ. ರೋಗ ಹರಡುವ ಬಗೆಯನ್ನು ಸಮೀಕರಣಗಳಲ್ಲಿ ಹಿಡಿಯುವ ಗಣಿತದ ಮೇಷ್ಟ್ರೊಬ್ಬರು ಇದ್ದಾರೆ ಎನ್ನಿ. ಅವರ ಪೇಪರನ್ನು ಗಣಿತದ ಬುಟ್ಟಿಗೆ ಹಾಕಿದರೆ ಅವರು ತಾರೆ, ವೈದ್ಯಕೀಯದ ಬುಟ್ಟಿಗೆ ಹಾಕಿದರೆ ಸಾಧಾರಣ. ಸಿವಿಲ್ ವಿಭಾಗದವರು ಕಾಂಕ್ರೀಟಿನ ಬಲವನ್ನು ಯಂತ್ರಕಲಿಕೆಯಿಂದ ಊಹಿಸುವ ಪೇಪರ್ ಬರೆದರೆ ಸೈಟೇಶನ್ ಕಂಪ್ಯೂಟರ್ ವಿಜ್ಞಾನದ ವೇಗದಲ್ಲಿ ಬರುತ್ತದೆ, ಲೆಕ್ಕ ಮಾತ್ರ ಸಿವಿಲ್ಲಿನ ಸರಾಸರಿಯ ಎದುರು ನಡೆಯುತ್ತದೆ. ಇದು ಮೋಸವಲ್ಲ. ಗೆರೆ ಎಳೆದ ಮೇಲೆ ಗೆರೆಯ ಅಂಚಿನಲ್ಲಿ ಇರುವವರಿಗೆ ಆಗುವ ಲಾಭ ನಷ್ಟ.

ಸೈಟೇಶನ್ ಎಣಿಸುವ ಪದ್ಧತಿ ಶುರುವಾದದ್ದು ಯಾರನ್ನೂ ಅಳೆಯುವುದಕ್ಕಲ್ಲ, ಹುಡುಕುವುದಕ್ಕೆ. ಕೋರ್ಟಿನ ವಕೀಲರಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ತೀರ್ಪೊಂದನ್ನು ವಾದಕ್ಕೆ ಹಿಡಿಯುವ ಮೊದಲು ಅದನ್ನು ಆಮೇಲಿನ ಪೀಠಗಳು ಎತ್ತಿಹಿಡಿದಿವೆಯೋ ತಳ್ಳಿಹಾಕಿವೆಯೋ ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತ 1873ರಲ್ಲಿಯೇ ಇದಕ್ಕೊಂದು ಸೂಚಿ ತಂದಿದ್ದ. ಯುಜೀನ್ ಗಾರ್ಫೀಲ್ಡ್ ಆ ಸೂಚಿಯನ್ನು ನೋಡಿ, ವಿಜ್ಞಾನಕ್ಕೂ ಹೀಗೇ ಮಾಡಬಾರದೇಕೆ ಎಂದು 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. 1960ರ ದಶಕದಲ್ಲಿ ಅವರ ಫಿಲಡೆಲ್ಫಿಯಾದ ಸಂಸ್ಥೆಯಿಂದ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂತು. ಒಂದು ಪೇಪರ್ ಕೈಯಲ್ಲಿದ್ದರೆ ಅದರ ಹಿಂದಿನದು ಪುಟದ ಕೊನೆಯಲ್ಲೇ ಸಿಗುತ್ತದೆ. ಮುಂದಿನದು, ಅಂದರೆ ಅದನ್ನು ಬಳಸಿಕೊಂಡು ಆಮೇಲೆ ಬಂದದ್ದು, ಈ ಸೂಚಿಯಿಲ್ಲದೆ ಸಿಗುವಂತಿರಲಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಕೂಡ ಯಾವ ಪತ್ರಿಕೆಯನ್ನು ಸೂಚಿಗೆ ಸೇರಿಸಬೇಕು, ಗ್ರಂಥಾಲಯ ಯಾವುದನ್ನು ತರಿಸಬೇಕು ಎಂಬ ವ್ಯವಹಾರಕ್ಕೆ ಒದಗಿದ ಸಂಖ್ಯೆ. ಲೆಕ್ಚರರ್ ಹುದ್ದೆಯ ಸಂದರ್ಶನಕ್ಕೆ ಅದನ್ನು ಎಳೆದು ತಂದದ್ದು ಆಮೇಲಿನವರು.

ಇಲ್ಲಿ ಬೆಂಗಳೂರಿಗೂ ಒಂದು ಪಾಲಿದೆ. ಗ್ರಂಥಾಲಯ ವಿಜ್ಞಾನದ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1948ರಲ್ಲಿ ಇಂಗ್ಲೆಂಡಿನ ಒಂದು ಸಮ್ಮೇಳನದಲ್ಲಿ, ಗ್ರಂಥಾಲಯದ ಕೆಲಸಗಳನ್ನೂ ಸಂಖ್ಯಾಶಾಸ್ತ್ರದಿಂದ ಅಳೆಯುವ ಒಂದು ವಿದ್ಯೆ ಬೇಕು ಎಂದು ಹೇಳಿ ಅದಕ್ಕೆ ‘ಲಿಬ್ರಮೆಟ್ರಿ’ ಎಂದು ಹೆಸರಿಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಡಿಯಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. 1972ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು. ಅವರ ಲೆಕ್ಕದ ಗುರಿ ಓದುಗನಿಗೆ ಪುಸ್ತಕ ಬೇಗ ಸಿಗುವಂತೆ ಮಾಡುವುದಾಗಿತ್ತು.

ಎಚ್-ಇಂಡೆಕ್ಸ್ ತಂದದ್ದು ಜಾರ್ಜ್ ಹಿರ್ಷ್, ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ, 2005ರಲ್ಲಿ. ಅತಿವಾಹಕತೆಯ ಒಪ್ಪಿತ ಸಿದ್ಧಾಂತವನ್ನು ಒಪ್ಪದೆ ಒಂಟಿಯಾಗಿ ವಾದ ಮಾಡುತ್ತ ಬಂದ ಮನುಷ್ಯ ಈತ. ಬಹುಮತದ ಎಣಿಕೆಗೆ ಸೂತ್ರ ಕೊಟ್ಟವನು ಸ್ವತಃ ಅಲ್ಪಸಂಖ್ಯಾತ ಎಂಬುದು ಸ್ವಾರಸ್ಯ. ತನ್ನ ಅಳತೆಗೋಲು ಎಡವಬಹುದು, ಅದರಿಂದ ಬಯಸದ ಕೆಟ್ಟ ಪರಿಣಾಮಗಳಾಗಬಹುದು ಎಂದು 2020ರಲ್ಲಿ ಹಿರ್ಷ್ ತಾನೇ ಬರೆದಿದ್ದಾನೆ. ಎಚ್-ಇಂಡೆಕ್ಸ್ ಎಂದೂ ಇಳಿಯುವುದಿಲ್ಲ, ವಯಸ್ಸಾದಂತೆ ಏರುತ್ತಲೇ ಹೋಗುತ್ತದೆ. ಐವರು ಬರೆದ ಪೇಪರಿನಲ್ಲಿ ಯಾರ ಪಾಲು ಎಷ್ಟು ಎಂದು ಕೇಳುವುದಿಲ್ಲ. ಐವರೇನು, 2015ರಲ್ಲಿ ಹಿಗ್ಸ್ ಕಣದ ರಾಶಿಯ ಬಗ್ಗೆ ಜಿನೀವಾದ ಎರಡು ಪ್ರಯೋಗ ತಂಡಗಳು ಸೇರಿ ಪ್ರಕಟಿಸಿದ ಪೇಪರಿಗೆ 5,154 ಲೇಖಕರು. ಅದರ 33 ಪುಟಗಳಲ್ಲಿ ವಿಜ್ಞಾನಕ್ಕೆ 9, ಉಳಿದ 24 ಹೆಸರು ಮತ್ತು ವಿಳಾಸಗಳಿಗೆ.

ಅತಿ ಹೆಚ್ಚು ಉಲ್ಲೇಖಗೊಂಡ ಪೇಪರ್ ಯಾವುದು ಎಂದು ಕೇಳಿದರೆ ಐನ್‌ಸ್ಟೈನನ ಹೆಸರೋ ಡಿಎನ್ಎಯ ಹೆಸರೋ ಬಾಯಿಗೆ ಬರುತ್ತದೆ. ‘ನೇಚರ್’ ಪತ್ರಿಕೆ 2014ರಲ್ಲಿ ಹುಡುಕಿಸಿದಾಗ ಮೊದಲ ಸ್ಥಾನದಲ್ಲಿದ್ದದ್ದು 1951ರ ಆಲಿವರ್ ಲೌರಿ ಮತ್ತಿತರರ ಪೇಪರ್: ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ. 3 ಲಕ್ಷಕ್ಕೂ ಹೆಚ್ಚು ಸೈಟೇಶನ್. ಅದೇನೂ ಮಹಾನ್ ಪೇಪರ್ ಅಲ್ಲವೆಂದು ಲೌರಿಯೇ ಒಪ್ಪಿಕೊಂಡಿದ್ದರು. 1953ರ ವಾಟ್ಸನ್–ಕ್ರಿಕ್ ಪೇಪರ್ ಮೊದಲ ನೂರರಲ್ಲೇ ಇರಲಿಲ್ಲ. ಆಗ ‘ನೇಚರ್’ ಹುಡುಕಿಸಿದ ಕೋಶದಲ್ಲಿ ಇದ್ದ ಸುಮಾರು 5.8 ಕೋಟಿ ಬರಹಗಳಲ್ಲಿ ಸಾವಿರ ದಾಟಿದ್ದು ಬರೀ 14,499. ಹೆಚ್ಚುಕಡಿಮೆ ಅರ್ಧಕ್ಕೆ ಒಂದೋ ಸೊನ್ನೆಯೋ. ಶಿರಾ ಗೇಟಿನ ಯುವ ಅಧ್ಯಾಪಕಿಯೊಬ್ಬರ ಪೇಪರಿಗೆ ಹದಿನೈದು ಸೈಟೇಶನ್ ಬಂದಿದ್ದರೆ ಮನೆಯವರು ಅದನ್ನು ಸಣ್ಣದೆಂದುಕೊಳ್ಳಬೇಕಾಗಿಲ್ಲ.

ಇನ್ನೊಂದು ವಿಚಿತ್ರವೂ ಉಂಟು. ಒಂದು ಶೋಧ ತೀರ ದೊಡ್ಡದಾದರೆ ಅದನ್ನು ಯಾರೂ ಉಲ್ಲೇಖಿಸುವುದಿಲ್ಲ. ರಾಮನ್ ಮತ್ತು ಕೃಷ್ಣನ್ 1928ರ ಮಾರ್ಚ್ 31ರ ‘ನೇಚರ್’ನಲ್ಲಿ ಪ್ರಕಟಿಸಿದ ಸಣ್ಣ ಟಿಪ್ಪಣಿಯಿಂದ ಹುಟ್ಟಿದ ಉಪಕರಣ ಇಂದು ಔಷಧ ಕಾರ್ಖಾನೆಗಳಲ್ಲಿ, ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಇದೆ. ಪೇಪರಿನಲ್ಲಿ ‘ರಾಮನ್ ರೋಹಿತ’ ಎಂದು ಬರೆಯುತ್ತಾರೆ, ಕೊನೆಯ ಪಟ್ಟಿಯಲ್ಲಿ 1928ರ ಹೆಸರಿರುವುದಿಲ್ಲ. ಜಿ.ಎನ್. ರಾಮಚಂದ್ರನ್ 1963ರಲ್ಲಿ ಮದರಾಸಿನಿಂದ ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಪ್ರಕಟಿಸಿದ ಐದು ಪುಟದ ಪೇಪರಿನ ನಕ್ಷೆಯನ್ನು ಪ್ರೋಟೀನಿನ ರಚನೆ ಬಿಡಿಸುವ ಪ್ರತಿಯೊಬ್ಬರೂ ಇವತ್ತಿಗೂ ತಪಾಸಣೆಗೆ ಬಳಸುತ್ತಾರೆ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಆ ನಕ್ಷೆಯೂ ಈಗ ಸಾಫ್ಟ್‌ವೇರಿನೊಳಗೆ ಸೇರಿಹೋಗಿದೆ. ಉಲ್ಲೇಖ ಸಾಫ್ಟ್‌ವೇರಿಗೆ ಹೋಗುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಇದನ್ನು ‘ಒಳಗಾಗಿ ಅಳಿಸಿಹೋಗುವುದು’ ಎಂಬರ್ಥದ ಹೆಸರಿನಿಂದ ಕರೆದಿದ್ದರು.

ಅಂಕಿಗಳನ್ನು ಉಬ್ಬಿಸುವ ವ್ಯಾಪಾರದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿರುವುದೇ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2010ರ ನಿಯಮಾವಳಿ ಬಡ್ತಿಗೆ ಅಂಕ ಕಟ್ಟಿತು. ಅಂಕಕ್ಕೆ ಪೇಪರ್ ಬೇಕಾಯಿತು. ದುಡ್ಡು ಕೊಟ್ಟರೆ ನಾಲ್ಕು ದಿನದಲ್ಲಿ ಅಚ್ಚು ಹಾಕಿಕೊಡುವ ಪತ್ರಿಕೆಗಳು ಮಳೆಗಾಲದ ಅಣಬೆಯಂತೆ ಎದ್ದವು. ಯುಜಿಸಿಯ ಒಪ್ಪಿಗೆಯ ಪಟ್ಟಿಯಲ್ಲಿ ವಿಶ್ವವಿದ್ಯಾಲಯಗಳ ಶಿಫಾರಸಿನಿಂದ ಸೇರಿದ್ದ, ಬೇರೆ ಸೂಚಿಗಳಲ್ಲಿ ಇಲ್ಲದ ಪತ್ರಿಕೆಗಳನ್ನು ಪರಿಶೀಲಿಸಿದಾಗ ಶೇ 88ಕ್ಕೂ ಹೆಚ್ಚು ಕಳಪೆ ಇರಬಹುದೆಂದು 2018ರಲ್ಲಿ ಒಂದು ಅಧ್ಯಯನ ತೋರಿಸಿತು. ಅದು ಬಂದದ್ದು 1932ರಿಂದ ಬೆಂಗಳೂರಿನಿಂದಲೇ ಹೊರಡುತ್ತಿರುವ ‘ಕರೆಂಟ್ ಸೈನ್ಸ್’ನಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಪತ್ರಿಕೆಗಳನ್ನು ಪಟ್ಟಿಯಿಂದ ಕಿತ್ತುಹಾಕಿತು. ಇನ್ನು ಪರಸ್ಪರ ಉಲ್ಲೇಖದ ವಿಚಾರ: ತಮ್ಮ ಸೈಟೇಶನ್ನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಮ್ಮಿಂದಲೋ ಸಹಲೇಖಕರಿಂದಲೋ ಬಂದವರು ಕನಿಷ್ಠ 250 ಮಂದಿ ಎಂದು ಅಯೊನಿಡಿಸರ 2019ರ ಅಂಕಿಗಳೇ ಹೇಳಿದ್ದವು. ಇತ್ತೀಚಿನ ಆವೃತ್ತಿಗಳಲ್ಲಿ ವಾಪಸು ಪಡೆದ ಪೇಪರುಗಳ ಸಂಖ್ಯೆಯೂ ಹೆಸರಿನ ಪಕ್ಕದಲ್ಲಿ ಇರುತ್ತದೆ. ಆ ಕಾಲಂ ಜಿಲ್ಲಾ ಪುಟಕ್ಕೆ ಬರುವುದಿಲ್ಲ.

ನನಗೆ ಹೆಚ್ಚು ಕುತೂಹಲ ಇರುವುದು ಎಣಿಕೆಗೇ ಸಿಗದವರ ಬಗ್ಗೆ. ಇದೇ ಜಿಲ್ಲೆಯ ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣ ಪರಮಾಣು ವಿದಳನದ ಮೇಲೆ ಪೇಪರುಗಳನ್ನು ಬರೆದವರು ನಿಜ. ಅವರ ಹೆಸರು ಜನಕ್ಕೆ ಗೊತ್ತಾದದ್ದು 1974ರ ಮೇ 18ರ ಪೊಖ್ರಾನ್ ಅಣುಪರೀಕ್ಷೆಯಿಂದ. ಅಂಥ ಕೆಲಸದ ಲೆಕ್ಕ ಯಾವ ಪತ್ರಿಕೆಯ ಪುಟದ ಕೊನೆಯಲ್ಲಿ ಸಿಗುತ್ತದೆ?

ಅದಕ್ಕಿಂತ ಒಳ್ಳೆಯ ಉದಾಹರಣೆ ರಾಗಿಯದು. ಮೈಸೂರು ಜಿಲ್ಲೆಯ ಹಾರೋಹಳ್ಳಿಯ ಸಿ.ಎಚ್. ಲಕ್ಷ್ಮಣಯ್ಯ ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ತೆಗೆದರು. 1964ರಿಂದ ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರಕೆ ಮಾಡಲು ಹೊರಟರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ಸ್ವಂತ ಪರಾಗದಿಂದಲೇ ಕಾಳು ಕಟ್ಟಿಕೊಳ್ಳುವಂಥದ್ದು. ಅದನ್ನು ಬೆರಕೆ ಮಾಡುವುದು ತಾಳ್ಮೆಯ ಪರೀಕ್ಷೆ. ಇಂಡಿಯಾ ಮತ್ತು ಆಫ್ರಿಕಾ ಸೇರಿ ಬಂದದ್ದರಿಂದ ‘ಇಂಡಾಫ್’ ಎಂದು ಹೆಸರಾದ ಆ ಸಾಲಿನ ತಳಿಗಳು ಹಳೆ ಮೈಸೂರಿನ ಹೊಲಗಳಿಗೆಲ್ಲ ಹಬ್ಬಿದವು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಶೇಕಡ ಎರಡರ ಪಟ್ಟಿ ಅವರು 1993ರಲ್ಲಿ ತೀರಿಕೊಂಡು ಇಪ್ಪತ್ತಾರು ವರ್ಷಗಳಾದ ಮೇಲೆ ಬಂತು. ಮೊದಲೇ ಬಂದಿದ್ದರೂ ಅದರಲ್ಲಿ ಅವರು ಇರುತ್ತಿದ್ದರೆಂದು ನಾನು ನಂಬುವುದಿಲ್ಲ.

ಹಾಗೆಂದು ಅವರಿಗೆ ಉಲ್ಲೇಖವೇ ಇಲ್ಲವೆ? ಇದೆ, ಬೇರೆ ಲಿಪಿಯಲ್ಲಿ. ಬೆಂಕಿ ರೋಗವನ್ನು ತಡೆದುಕೊಳ್ಳುತ್ತದೆಂದು ತುಮಕೂರು ಜಿಲ್ಲೆಯ ರೈತರೂ ಕೇಳಿ ತರುವ ಜಿಪಿಯು-28 ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ 1990ರ ದಶಕದಲ್ಲಿ ತಯಾರಾದ ತಳಿ. ತಳಿಗಾರರ ದಾಖಲೆಯಲ್ಲಿ ಅದರ ವಂಶಾವಳಿ ಹೀಗಿದೆ: ಇಂಡಾಫ್-5ಕ್ಕೆ, ಇಂಡಾಫ್-9 ಮತ್ತು ಐಇ 1012 ಎಂಬ ತಳಿ ಸೇರಿಸಿ ಪಡೆದ ಬೆರಕೆಯನ್ನು ಮತ್ತೆ ಬೆರಕೆ ಮಾಡಿದ್ದು. ಎರಡು ಕಡೆಯಿಂದಲೂ ಲಕ್ಷ್ಮಣಯ್ಯನವರ ರಾಗಿ. ತಳಿಯ ವಂಶಾವಳಿ ಸುಳ್ಳು ಹೇಳುವುದಿಲ್ಲ, ಗೆಳೆಯರ ಮುಲಾಜಿಗೆ ಯಾರೂ ಒಂದು ತಳಿಯನ್ನು ತಾಯಿಯಾಗಿ ಇಟ್ಟುಕೊಳ್ಳುವುದಿಲ್ಲ; ಗುಣವಿದ್ದರೆ ಮಾತ್ರ ಬಳಸುತ್ತಾರೆ. ಸ್ಕೋಪಸ್ ಇದನ್ನು ಓದಲಾರದು.

ಹಿರೇಹಳ್ಳಿಯ ಕೇಂದ್ರದ ‘ಸಿದ್ದು’ ಹಲಸಿನದೂ ಇದೇ ಬಗೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಎಸ್.ಎಸ್. ಪರಮೇಶ್ ಅವರ ತೋಟದಲ್ಲಿ, ಅವರ ತಂದೆ ಸಿದ್ದಪ್ಪ ನೆಟ್ಟ ಮರ. ಹಣ್ಣು ಸುಮಾರು ಎರಡೂವರೆ ಕಿಲೊ, ತೊಳೆ ತಾಮ್ರಗೆಂಪು. ವಿಜ್ಞಾನಿಗಳು ಅದರ ಸಕ್ಕರೆ, ಬಣ್ಣ, ಪೋಷಕಾಂಶಗಳನ್ನು ಅಳೆದರು, ರೈತರ ಜೊತೆ 2017ರಲ್ಲಿ ಒಪ್ಪಂದ ಮಾಡಿಕೊಂಡು ಕಸಿ ಗಿಡಗಳನ್ನು ಬೆಳೆಸತೊಡಗಿದರು. ಮಾರಾಟದ ದೊಡ್ಡ ಪಾಲು ರೈತನಿಗೇ. ಗಿಡಗಳ ಬೇಡಿಕೆಯ ಎದುರು ಪೇಪರಿನ ಸೈಟೇಶನ್ ಯಾವ ಲೆಕ್ಕಕ್ಕೆ?

ಕನ್ನಡದಲ್ಲೇ ಬರೆಯುವವರ ಸ್ಥಿತಿ ಇನ್ನೂ ಸ್ಪಷ್ಟ. ಶೀರ್ಷಿಕೆ, ಸಾರಾಂಶ ಇಂಗ್ಲಿಷಿನಲ್ಲಿ ಇಲ್ಲದ ಪತ್ರಿಕೆಯನ್ನು ಸ್ಕೋಪಸ್ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಪುಸ್ತಕವಾದಾಗಿನಿಂದ ಶಾಸನಗಳ ಬಗ್ಗೆ ಬರೆದವರು ಅದನ್ನು ಬಿಟ್ಟು ಮುಂದೆ ಹೋದದ್ದಿಲ್ಲ. ಬಿ.ಎಲ್. ರೈಸ್ 1904ರಲ್ಲಿ ತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಹನ್ನೆರಡನೆಯ ಸಂಪುಟ ಪೂರ್ತಿ ತುಮಕೂರು ಜಿಲ್ಲೆಯದು. ಈ ಜಿಲ್ಲೆಯ ಇತಿಹಾಸದ ಪ್ರತಿ ಪ್ರೌಢಪ್ರಬಂಧವೂ ಸಂಪುಟ, ತಾಲ್ಲೂಕು, ಶಾಸನದ ಸಂಖ್ಯೆ ಹೇಳಿ ಅದನ್ನು ಉಲ್ಲೇಖಿಸುತ್ತದೆ. ನೂರಿಪ್ಪತ್ತು ವರ್ಷಗಳ ಈ ಉಲ್ಲೇಖಗಳನ್ನು ಕೂಡಿಸಿದವರಿಲ್ಲ.

ಯಾರು ಯಾರನ್ನು ನೆನೆದರು ಎಂಬುದನ್ನು ಪುರಾವೆಯಾಗಿ ಬಳಸುವ ವಿದ್ಯೆ ನಮಗೆ ಹೊಸದಲ್ಲ. ನಮ್ಮ ಕವಿಗಳು ಕಾವ್ಯದ ಆರಂಭದಲ್ಲಿ ಹಿಂದಿನ ಕವಿಗಳನ್ನು ಹೆಸರಿಸಿ ಹೊಗಳುವ ಪದ್ಧತಿ ಇತ್ತು. ಆರ್. ನರಸಿಂಹಾಚಾರ್ಯರು ‘ಕರ್ನಾಟಕ ಕವಿಚರಿತೆ’ಯ ಮೊದಲ ಸಂಪುಟವನ್ನು 1907ರಲ್ಲಿ ತರುವಾಗ ಕಾಲ ತಿಳಿಯದ ಕವಿಗಳನ್ನು ಸಾಲಾಗಿ ನಿಲ್ಲಿಸಲು ಈ ಹೊಗಳಿಕೆಗಳನ್ನೇ ಆಧಾರವಾಗಿ ಹಿಡಿದರು: ಹೊಗಳಿಸಿಕೊಂಡವನು ಹಿಂದಿನವನು, ಹೊಗಳಿದವನು ಮುಂದಿನವನು. ಗಾರ್ಫೀಲ್ಡ್ ಸೂಚಿಯ ಒಳತರ್ಕವೂ ಅದೇ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವಂತೂ ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರನ್ನು ಹೆಸರಿಸುತ್ತದೆ. ಅವರ ಕನ್ನಡ ಕೃತಿ ಒಂದೂ ಉಳಿದಿಲ್ಲ. ಸೈಟೇಶನ್ ಇದೆ, ಪೇಪರ್ ಇಲ್ಲ.

ಕನ್ನಡದ ವಿದ್ವತ್ ಪತ್ರಿಕೆ ‘ಪ್ರಬುದ್ಧ ಕರ್ಣಾಟಕ’ 1919ರಿಂದ ಬಂದಿದೆ. ಅದರ, ಅಂಥ ಇನ್ನಷ್ಟು ಪತ್ರಿಕೆಗಳ ಅಡಿಟಿಪ್ಪಣಿಗಳನ್ನು ಒಂದು ಸೂಚಿಗೆ ಇಳಿಸುವ ಕೆಲಸ ಇಂದಿನ ಕಂಪ್ಯೂಟರಿಗೆ ಅಸಾಧ್ಯವಲ್ಲ. ರಂಗನಾಥನ್ ಕಟ್ಟಿದ ಕೇಂದ್ರ ಬೆಂಗಳೂರಿನಲ್ಲೇ ಇದೆ, ಕಂಪ್ಯೂಟರ್ ವಿದ್ಯಾರ್ಥಿಗಳು ಶಿರಾ ರಸ್ತೆಯಲ್ಲೂ ಇದ್ದಾರೆ. ಶುರು ಮಾಡಿದವರಿಗೆ ಮೊದಲ ವಾರದಲ್ಲೇ ಎದುರಾಗುವ ತೊಡಕುಗಳನ್ನು ಊಹಿಸಬಹುದು. ಒಂದೇ ಹೆಸರು ಒಂದು ಕಡೆ ‘ಎಂ. ಚಿದಾನಂದಮೂರ್ತಿ’, ಇನ್ನೊಂದು ಕಡೆ ‘ಚಿದಾನಂದ ಮೂರ್ತಿ ಎಂ.’, ಮತ್ತೊಂದು ಕಡೆ ಬರೀ ‘ಚಿಮೂ’. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿರುವ ನಮ್ಮವರಲ್ಲಿ ಮನೆತನದ ಹೆಸರು ಯಾವುದೆಂದು ಯಂತ್ರಕ್ಕೆ ತಿಳಿಯುವುದಿಲ್ಲ. ಸ್ಕೋಪಸ್ ಈಗಲೂ ಎಷ್ಟೋ ಎಸ್. ಕುಮಾರ್‌ಗಳನ್ನು ಒಬ್ಬನೇ ಎಂದುಕೊಳ್ಳುತ್ತದೆ. ವರ್ಷ ಕೆಲವೆಡೆ ಶಕದಲ್ಲಿ, ಕೆಲವೆಡೆ ಕ್ರಿಸ್ತಶಕದಲ್ಲಿ. ಇವೆಲ್ಲ ದಾಟಿದ ಮೇಲೆ ಅಡಿಟಿಪ್ಪಣಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಸಲ ಬರುವ, ಯಾರದೆಂದು ಹಿಂದಿನ ಪುಟ ತಿರುವಿಯೇ ತಿಳಿಯಬೇಕಾದ ಒಂದು ಹೆಸರಿದೆ: ‘ಅದೇ’.